ದುಗ್ಗಮ್ಮ ಕಟ್ಟಿದ ದಡ

ತೀರ್ಥಹಳ್ಳಿ ದಾಟಿ ಮಂಡಗದ್ದೆಯ ಕಡೆ ಹರಿಯುವ ತುಂಗೆ ಒಂದು ಕಡೆ ಸರ್ರನೆ ಎಡಕ್ಕೆ ಹೊರಳುತ್ತಾಳೆ. ಹೊರಳುವಾಗ ಅವಳ ಭಾರವೆಲ್ಲ ಬಲದಂಡೆಯ ಮೇಲೆ. ಆ ಬಲದಂಡೆಯಲ್ಲೇ ದುಗ್ಗಮ್ಮನ ತೋಟ. ಆಚೆ ದಂಡೆಯವರಿಗೆ ವರ್ಷವರ್ಷವೂ ಹೊಸ ಮರಳುದಿಣ್ಣೆ, ಇವಳಿಗೆ ವರ್ಷವರ್ಷವೂ ಕುಸಿತ. ಹೊಳೆಯ ಮೇಲೆ ಯಾವ ಕೋರ್ಟಿನಲ್ಲಿ ದಾವೆ ಹಾಕುವುದು?

ಹಾಗೆಂದು ಎಲ್ಲ ತಪ್ಪೂ ಹೊಳೆಯದಲ್ಲ. ಗೇಣಿಗೆ ಗೇಯುತ್ತಿದ್ದ ಮಾವ, ಕಾನೂನು ಬಂದ ಮೇಲೆ ಒಡೆಯನಾಗಿ ಪಡೆದ ಜಮೀನು ಅದು. ದಂಡೆಯುದ್ದಕ್ಕೂ ಅವನು ವಾಟೆ ಬೆಳೆಯಲು ಬಿಟ್ಟಿದ್ದ. ಆ ಸಣ್ಣ ಬಿದಿರಿನ ಬೇರು ಮಣ್ಣನ್ನು ಕಚ್ಚಿ ಹಿಡಿದಿತ್ತು. ಹತ್ತು ವರ್ಷದ ಹಿಂದೆ ಅಡಿಕೆಯ ರೇಟು ಕಂಡು ದುಗ್ಗಮ್ಮನ ತಲೆ ತಿರುಗಿತು. ಇನ್ನೊಂದು ಸಾಲು ಅಡಿಕೆ ಕೂರುತ್ತದೆಂದು, ಗಂಡ ಶಿವರಾಮ ಬೇಡವೆಂದರೂ ಕೇಳದೆ, ವಾಟೆಯನ್ನೆಲ್ಲ ಕಡಿಸಿದಳು. ಮುಂದಿನ ಎರಡು ಮಳೆಗಾಲದಲ್ಲಿ ಹೊಳೆ ಹೊಸ ಸಾಲಿನ ಜೊತೆಗೆ ಎರಡು ಹಳೆಯ ಸಾಲನ್ನೂ ನುಂಗಿತು. ನಾಲ್ಕು ಗುಂಟೆ ನೆಲ!

ಗಂಡನ ಅಣ್ಣ ಕೆರಿಯಪ್ಪ ಕೂಗಾಡಿಕೊಂಡು ಬಂದಾಗ ಶಿವರಾಮ "ನಾನೇ ಕಡಿಸಿದ್ದು" ಎಂದುಬಿಟ್ಟ. ಅದೇ ವರ್ಷ ಎದೆನೋವು ಬಂದು ತೀರಿಕೊಂಡ. ಅಂದಿನಿಂದ ಹೊಳೆಯ ಕಡೆ ನೋಡಿದಾಗಲೆಲ್ಲ ಕೆರಿಯಪ್ಪ ಸತ್ತ ತಮ್ಮನನ್ನು ಬೈಯುತ್ತಿದ್ದ. ದುಗ್ಗಮ್ಮ ಕೇಳಿಸಿಕೊಂಡೂ ನಿಜ ಬಾಯಿ ಬಿಡಲಿಲ್ಲ. ಹೋದ ನೆಲವನ್ನು ಮೊದಲು ವಾಪಸು ತರಬೇಕು, ಆಮೇಲೆ ನಿಜ ಹೇಳಬೇಕು. ಬರಿಗೈಯಲ್ಲಿ ತಪ್ಪೊಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಹಟಮಾರಿ ಹೆಂಗಸು.

ದಾರಿ ತೋರಿಸಿದ್ದೂ ಹೊಳೆಯೇ. ಒಂದು ನೆರೆ ಇಳಿದ ಮೇಲೆ ನೋಡುತ್ತಾಳೆ, ದಡಕ್ಕೆ ಸಿಕ್ಕಿಕೊಂಡ ಹೊನ್ನೆ ಮರದ ಕೊಂಬೆಯ ಹಿಂದೆ ಮೊಣಕಾಲುದ್ದ ಗೋಡುಮಣ್ಣು ಕೂತಿದೆ. ನೀರು ಎಲ್ಲಿ ನಿಧಾನವಾಗುತ್ತದೋ ಅಲ್ಲಿ ಹೊರೆ ಇಳಿಸುತ್ತದೆ. ಮೇಲಿನ ಗುಡ್ಡಗಳೆಲ್ಲ ಸವೆದು, ಕರಗಿ, ಅವಳ ತೋಟದ ಮುಂದೆಯೇ ಹಾದು ಹೋಗುತ್ತಿವೆ. ತಡೆದು ಕೂರಿಸುವವರಿಲ್ಲ, ಅಷ್ಟೆ. ಬೇಸಿಗೆಯಲ್ಲಿ ನೀರಿನಂಚಿಗೆ ಗೂಟ ಬಡಿದು, ನಡುವೆ ಕೊಂಬೆ ಹೆಣೆದು, ಹಿಂದೆ ಲಕ್ಕಿ, ಲಾವಂಚ, ವಾಟೆ ನೆಟ್ಟಳು.

"ಹೊಳೆಗೆ ಬೇಲಿ ಹಾಕ್ತೀಯೇನೆ ಮಾರಾಯ್ತಿ?" ಕೆರಿಯಪ್ಪ ನಕ್ಕ.

"ದನ ನುಗ್ಗಿದ್ರೆ ನೀವು ಹಾಕಲ್ವಾ ಬಾವ?"

ಮೊದಲ ವರ್ಷ ಅರ್ಧ ಕೊಚ್ಚಿಹೋಯಿತು. ಮತ್ತೆ ಬಡಿದಳು. ಮೂರನೆಯ ವರ್ಷ ಬೇರು ಊರಿತು. ಆಮೇಲೆ ಪ್ರತಿ ನೆರೆಯೂ ಒಂದೊಂದು ಪದರ ಮಣ್ಣು ಬಿಟ್ಟು ಹೋಗತೊಡಗಿತು. ಎಂಟನೆಯ ಮಳೆಗಾಲದಲ್ಲಿ ಹೊಳೆ ಹುಚ್ಚೆದ್ದು ಬಂದು ಮೂರು ದಿನ ದಡವೇ ಕಾಣಲಿಲ್ಲ. ದುಗ್ಗಮ್ಮನಿಗೆ ಅನ್ನ ಸೇರಲಿಲ್ಲ. ನೀರು ಇಳಿದಾಗ ವಾಟೆ ಅಡ್ಡಡ್ಡ ಮಲಗಿತ್ತು, ಆದರೆ ಒಂದು ಬುಡವೂ ಕಿತ್ತುಹೋಗಿರಲಿಲ್ಲ.

ಮಳೆ ನಿಂತ ಮೇಲೆ ತಾಲ್ಲೂಕಿನ ಸರ್ವೆಯರ್ ಕವನಾ ಅಳತೆಗೆ ಬಂದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಅಳೆದು, ಹಳೆಯ ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದಳು.

"ಹೋದ ಜಾಗ ಬಂದಿದೆಯಲ್ಲಮ್ಮ! ಅರ್ಧ ಗುಂಟೆ ಮಾತ್ರ ಕಮ್ಮಿ."

ನೆರೆದಿದ್ದ ನಾಲ್ಕಾರು ಜನ ಹೋ ಎಂದರು. ಕೆರಿಯಪ್ಪನಿಗಂತೂ ಹಿಗ್ಗೋ ಹಿಗ್ಗು. "ನೋಡ್ರಿ ಮೇಡಂ, ನನ್ನ ತಮ್ಮ ಹಾಳು ಮಾಡಿದ್ದನ್ನ ನಮ್ಮನೆ ಹೆಣ್ಣುಮಗಳು ಕಟ್ಟಿ ನಿಲ್ಲಿಸಿದ್ಲು!"

ಎಂಟು ವರ್ಷ ಕಾದ ಗಳಿಗೆ. ದುಗ್ಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ ನೆಲದ ತುದಿಗೆ ಹೋಗಿ ನಿಂತಳು. ಕಾಲಡಿಯ ಮಣ್ಣು ಅಲುಗಲಿಲ್ಲ.

"ಹಾಳು ಮಾಡಿದ್ದು ಅವರಲ್ಲ ಬಾವ. ವಾಟೆ ಕಡಿಸಿದ್ದು ನಾನು. ಅವರು ಬೇಡ ಅಂದಿದ್ರು. ಕಟ್ಟಿದ್ದೂ ನಾನೇ."

ಕೆರಿಯಪ್ಪ ಹೊಳೆಯ ಕಡೆ ತಿರುಗಿದ. "ಇಷ್ಟು ವರ್ಷ ಸತ್ತವನನ್ನ ಬೈದ್ನಲ್ಲೇ..."

"ಅವರನ್ನ ಬೈದಿದ್ದು ಸಾಕು. ಇನ್ಮೇಲೆ ನನ್ನ ಬೈರಿ," ಎಂದಳು ದುಗ್ಗಮ್ಮ, ಕಣ್ಣೊರೆಸಿಕೊಳ್ಳದೆ. "ಆದ್ರೆ ಇಲ್ಲಿಗೆ ಬಂದು, ಈ ದಡದ ಮೇಲೆ ನಿಂತ್ಕಂಡು ಬೈರಿ."