ಹಾಸಿಗೆಯೊಳಗಿನ ತ್ರಾಸು

೧

ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯ ಕಥೆ ಆಂಬುಲೆನ್ಸ್ ಸದ್ದಿನಿಂದ ಶುರುವಾದರೆ ನಿಮಗೆ ಖುಷಿ. ಹಾಗೇ ಬರೆದೆ, ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಬರೆಯುವವನು ಹರಿಯುವುದು ಹೇಗೆಂದು ಕೇಳಬೇಡಿ.) ಆ ಸದ್ದಿಗೆ ನನಗೇ ಎದೆ ಡವಡವ ಎಂದಿತು. ಈ ಪರದೇಶದಲ್ಲಿ, ಕರ್ಕ್‌ಲ್ಯಾಂಡಿನ ಆಫೀಸಿನಲ್ಲಿ ಕೂತು ಸಾಫ್ಟ್‌ವೇರಿನ ತಪ್ಪು ತಿದ್ದುವ ನನಗೆ ಬಿಪಿ ನೋಡಿಸಿಕೊಳ್ಳಲೂ ಧೈರ್ಯವಿಲ್ಲ. ಅಂಥವನು ಡಾಕ್ಟರೊಬ್ಬಳ ಕಥೆಗೆ ಕೈಹಾಕಿದ್ದೇನೆ.

ಹೋಗಲಿ, ಸಹಿಯಿಂದ ಶುರು ಮಾಡೋಣ. ಪೂಜಿತಾಗೆ ಮೂವತ್ತು ವರ್ಷ. ಇಂಟರ್ನಲ್ ಮೆಡಿಸಿನ್ ತರಬೇತಿಯ ಕೊನೆಯ ತಿಂಗಳುಗಳು. ಕೆಂಟ್ ಕಡೆಯ, ನಾನು ಹೆಸರು ಹೇಳದ ಆಸ್ಪತ್ರೆ ಅದು. ಅಲ್ಲೇ ಹಾಸ್ಪಿಟಲಿಸ್ಟ್ ಆಗಿ, ಅಂದರೆ ಒಳರೋಗಿಗಳನ್ನಷ್ಟೇ ನೋಡುವ ಡಾಕ್ಟರಾಗಿ, ಉಳಿದುಬಿಡು ಎಂದಿದ್ದಾರೆ. ಶುಕ್ರವಾರ ಸಂಜೆ ಐದರೊಳಗೆ ಸಹಿ ಹಾಕಬೇಕು. ಬೇಡವೆಂದರೆ ಬಾಥೆಲ್‌ನಲ್ಲಿ, ಮನೆಯ ಹತ್ತಿರವೇ, ಕ್ಲಿನಿಕ್ ಒಂದು ಕಾಯುತ್ತಿದೆ. ಅವಳು ಸಹಿ ಹಾಕುತ್ತಾಳೋ ಇಲ್ಲವೋ, ಇಷ್ಟೇ ಕಥೆ.

೨

"ದೇವಸ್ಥಾನದಲ್ಲಿ ಎಲ್ರೂ ಕೇಳ್ತಾರೆ ಕಣೇ, ಮಗಳು ಯಾವ ಡಾಕ್ಟರು ಅಂತ. ಹಾರ್ಟಾ, ಕಿಡ್ನಿನಾ? ಏನ್ ಹೇಳ್ಲಿ?" ಅಮ್ಮ ವಸಂತಲಕ್ಷ್ಮಿಯ ಚಿಂತೆ ಇದು.

"ಎಲ್ಲಾ, ಅಮ್ಮಾ. ಅಡ್ಮಿಟ್ ಆದೋರ್ನ ನೋಡ್ಕೊಳ್ಳೋದು. ಡಿಸ್ಚಾರ್ಜ್ ಆಗೋವರ್ಗೂ."

"ಎಲ್ಲಾ ಅಂದ್ರೆ ಯಾವ್ದೂ ಇಲ್ಲ ಅಂದ್ಕೋತಾರೆ. ಆಮೇಲೆ?"

"ಆಮೇಲೆ ಅವರ ಕ್ಲಿನಿಕ್ ಡಾಕ್ಟ್ರು ನೋಡ್ಕೋತಾರೆ."

"ಅಂದ್ರೆ, ಅವರು ಮುಂದೆ ಏನಾದ್ರು ಅಂತ ನಿಂಗೆ ಗೊತ್ತೇ ಆಗಲ್ವಾ?"

ಏಳು ದಿನ ಕೆಲಸ, ಏಳು ದಿನ ರಜೆ ಅಮ್ಮಾ, ಎಂದು ಪೂಜಿತಾ ಮಾತು ತೇಲಿಸಿದಳು. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದೂ ಅದೇ. ಏನಾಗಿದೆಯೆಂದು ಇನ್ನೂ ಯಾರಿಗೂ ಗೊತ್ತಿಲ್ಲದ ಒಬ್ಬ ಅಪರಿಚಿತ, ನಾಲ್ಕು ದಿನ, ಹಾಸಿಗೆಯ ಪಕ್ಕ ನಿಂತು ಯೋಚಿಸುವ ಕೆಲಸ.

(ನಾನು ಬರೆಯುವುದನ್ನು ಓದುತ್ತಿರುವ ಪೂಜಿತಾ ಇಲ್ಲಿ ತಲೆಹಾಕಿದಳು. "ತುಂಬಾ ಇಷ್ಟ ಅಂತ ಬರೀರಿ. ಇಲ್ದಿದ್ರೆ ಮುಂದಿಂದು ಯಾರಿಗೂ ತಟ್ಟಲ್ಲ." ಸರಿ. ಅವಳಿಗೆ ಆ ಕೆಲಸ ತುಂಬಾ ಇಷ್ಟ.)

೩

ಈ ಭಾಗ ಬೇಡವೆಂದು ಪೂಜಿತಾ ಮೂರು ಸಲ ಹೇಳಿದಳು. ಮೂರು ಸಲ ತೆಗೆದೆ. ತೆಗೆದರೆ ಕಥೆಯೇ ಇಲ್ಲ, ಆದ್ದರಿಂದ ಅವಳ ಕಣ್ಣು ತಪ್ಪಿಸಿ ಹಾಕುತ್ತಿದ್ದೇನೆ.

ಗದಗದ ಕಡೆಯ ಬಸವ್ವ, ಕೆಂಟಿನಲ್ಲಿ ಎಂಜಿನಿಯರ್ ಆಗಿರುವ ಮಗ ಮಲ್ಲೇಶನ ಮನೆಗೆ ಬಂದವಳು, ಕಾಲು ಊದಿಕೊಂಡು ಆಸ್ಪತ್ರೆ ಸೇರಿದಳು. ಹೃದಯ ಸೋತಿತ್ತು, ಮೈಯಲ್ಲಿ ನೀರು ತುಂಬಿತ್ತು. ಔಷಧಿ ಕೊಟ್ಟು ನೀರಿಳಿಸಿದರು. ನೀರು ಎಷ್ಟು ಇಳಿಯಿತೆಂದು ತಿಳಿಯಲು ದಿನಾ ಬೆಳಿಗ್ಗೆ ತೂಕ ನೋಡುತ್ತಾರೆ. ಆ ವಾರ್ಡಿನಲ್ಲಿ ತೂಗುವ ಯಂತ್ರ ಹಾಸಿಗೆಯೊಳಗೇ ಇದೆ. ರೋಗಿ ಮಲಗಿರುತ್ತಾರೆ, ನರ್ಸ್ ಬಟನ್ ಒತ್ತುತ್ತಾಳೆ, ಅಷ್ಟೇ.

ಬೇರೆ ಭಾಷೆಯ ರೋಗಿಯಾದರೆ ಫೋನಿನಲ್ಲಿ ದುಭಾಷಿಯನ್ನು ಕರೆಯಬೇಕೆಂಬ ನಿಯಮವಿದೆ. ಕನ್ನಡದವರು ಸಿಗಲು ನಲವತ್ತು ನಿಮಿಷ. ಬಸವ್ವನನ್ನು ನೋಡಿಕೊಳ್ಳುತ್ತಿದ್ದ ಪೂಜಿತಾಗೆ ಆ ಬೆಳಿಗ್ಗೆ ಹನ್ನೊಂದು ರೋಗಿಗಳಿದ್ದರು. ಅದಲ್ಲದೆ ತನ್ನ ಮನೆಮಾತಿಗೆ ದುಭಾಷಿ ಯಾಕೆ? ಹತ್ತನೇ ವಯಸ್ಸಿನಲ್ಲಿ ಮೈಸೂರು ಬಿಟ್ಟು ಬಂದವಳು ಅವಳು. ಅವಳ ಕನ್ನಡ ಐದನೇ ಕ್ಲಾಸಿನಲ್ಲೇ ನಿಂತಿದೆ. ವಿಜ್ಞಾನದ ಪುಸ್ತಕದಲ್ಲಿ ಎರಡು ತಟ್ಟೆ ತೂಗುಬಿದ್ದ ತ್ರಾಸಿನ ಚಿತ್ರವಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಹೇಗಿದೀರಾ ಅಜ್ಜಿ?"

"ಉಳದದ್ದೆಲ್ಲಾ ಅರಾಮ ಐತವ್ವಾ. ಹಾಸಿಗ್ಯಾಗ ಅಷ್ಟ ತ್ರಾಸ ಐತಿ."

ಪೂಜಿತಾ ನಕ್ಕಳು. ಅಜ್ಜಿ ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾರೆ! "ಹೌದು, ಇಲ್ಲಿ ಹಾಸಿಗೇಲೇ ತ್ರಾಸು ಇರತ್ತೆ. ಮನೆಗೆ ಹೋದ್ರೆ ಇರಲ್ಲ, ಯೋಚ್ನೆ ಮಾಡ್ಬೇಡಿ."

"ಹಂಗಾದ್ರ ಛಲೋ ಆತು ಬಿಡು," ಎಂದು ಬಸವ್ವನೂ ನಕ್ಕಳು.

ಉಸಿರಾಟದ ತೊಂದರೆ ಇಲ್ಲ ಎಂದು ಪೂಜಿತಾ ಟೈಪ್ ಮಾಡಿದಳು. ಹಿರಿಯ ಡಾಕ್ಟರು ಅದನ್ನು ಓದಿ ಒಪ್ಪಿದರು. ಮಧ್ಯಾಹ್ನ ಡಿಸ್ಚಾರ್ಜ್.

ಧಾರವಾಡ, ಗದಗದ ಓದುಗರು ಈಗಾಗಲೇ ತಲೆ ಚಚ್ಚಿಕೊಂಡಿರುತ್ತೀರಿ. ಮೈಸೂರಿನವರಿಗಾಗಿ ಹೇಳುತ್ತೇನೆ: ಬಸವ್ವನ ತ್ರಾಸ ತೂಗುವುದಲ್ಲ, ತೊಂದರೆ. ಹಾಸಿಗೆಯಲ್ಲಿ ಮಾತ್ರ ತೊಂದರೆ, ಅಂದರೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವಳು ಹೇಳಿದ್ದಳು. ಶ್ವಾಸಕೋಶದಲ್ಲಿ ಇನ್ನೂ ನೀರಿದೆ, ನನ್ನನ್ನು ಮನೆಗೆ ಕಳಿಸಬೇಡ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಮಾತಿಲ್ಲ.

೪

ಮೂರು ದಿನದ ಮೇಲೆ ಬಸವ್ವ ಅದೇ ಆಸ್ಪತ್ರೆಗೆ ಬಂದಳು. ಈ ಸಲ ನೇರ ಐಸಿಯುಗೆ.

ಹೊರಗೆ ನಿಂತಿದ್ದ ಮಲ್ಲೇಶ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವ್ವ ಮೂರೂ ದಿನ ಕುರ್ಚಿ ಮ್ಯಾಲ ಕುಂತ ನಿದ್ದಿ ಮಾಡ್ಯಾಳ್ರಿ. ಫೋನ್ ಮಾಡ್ತೀನಿ ಅಂದ್ರ ಬ್ಯಾಡ ಅಂದ್ಳು. ಮನ್ಯಾಗ ತ್ರಾಸ ಇರೂದಿಲ್ಲಂತ ಡಾಕ್ಟರ್ ಹೇಳ್ಯಾರ, ಕಡಿಮಿ ಆಕ್ಕೈತಿ ತಡಿ ಅಂದ್ಳು."

"ತ್ರಾಸು ಅಂದ್ರೆ... ವೇಯಿಂಗ್ ಮೆಷೀನ್ ಅಲ್ವಾ?"

ಮಲ್ಲೇಶ ಅವಳ ಮುಖವನ್ನೇ ನೋಡಿದ. "ತ್ರಾಸ ಅಂದ್ರ ಟ್ರಬಲ್ರಿ ಮೇಡಂ."

ಒಂದು ನಿಮಿಷ ಬಂದೆ ಎಂದು ಹೇಳಿ ಪೂಜಿತಾ ಮೆಟ್ಟಿಲ ಹತ್ತಿರ ಹೋಗಿ ಕೂತಳು. ಬಸವ್ವನ ಬಗೆಗಿನ ಭಯ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳು. ಬಸವ್ವ ವಾಪಸ್ ಬಂದಳು, ಅದಕ್ಕೇ ತಪ್ಪು ತಿಳಿಯಿತು. ಮೂರು ವರ್ಷದಲ್ಲಿ ಅವಳು ನಗುನಗುತ್ತಾ ಮನೆಗೆ ಕಳಿಸಿದ ನೂರಾರು ಜನರಲ್ಲಿ ವಾಪಸ್ ಬಾರದವರೆಲ್ಲ ಗುಣವಾದವರೇ? ಅವರು ಮುಂದೆ ಏನಾದರು ಎಂಬ ಅಮ್ಮನ ಪ್ರಶ್ನೆಯನ್ನು ಈಗ ಅವಳೇ ಕೇಳಿಕೊಂಡಳು.

(ನನ್ನ ಆಫೀಸಿನಲ್ಲಿ ತಪ್ಪಾದರೆ ನಿನ್ನೆಯ ಆವೃತ್ತಿಗೆ ಮರಳುತ್ತೇವೆ, ಆಮೇಲೆ ಕಾಫಿ ಕುಡಿಯುತ್ತೇವೆ. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.)

೫

ಅಂತ್ಯ, ಮೊದಲನೆಯದು: ಬಸವ್ವ ಸಾಯುತ್ತಾಳೆ, ಪೂಜಿತಾ ಕ್ಲಿನಿಕ್ ಸೇರುತ್ತಾಳೆ.

"ನನಗೆ ಬುದ್ಧಿ ಬರಲಿ ಅಂತ ಅವರನ್ನ ಸಾಯಿಸ್ತೀರಾ? ನಾಚಿಕೆ ಆಗಲ್ವಾ?" ಎಂದಳು ಪೂಜಿತಾ. ಆಯಿತು, ಅಳಿಸಿದೆ.

ಇನ್ನೊಂದು: ಬಸವ್ವ ಗುಣವಾಗಿ ಜೋಳದ ರೊಟ್ಟಿ ಕಳಿಸುತ್ತಾಳೆ, ಪೂಜಿತಾ ಕಣ್ಣೊರೆಸಿಕೊಂಡು ಸಹಿ ಹಾಕುತ್ತಾಳೆ.

"ರೊಟ್ಟಿ ಬೇರೆ!" ಅದನ್ನೂ ಅಳಿಸಿದೆ.

ಪೂಜಿತಾ ತನ್ನ ತಪ್ಪನ್ನು ತಾನೇ ಬರೆದು ಆಸ್ಪತ್ರೆಯ ಸಮಿತಿಗೆ ಕೊಟ್ಟಳು, ಸಭೆ ನಡೆಯಿತು, ದುಭಾಷಿ ಕಡ್ಡಾಯ ಎಂಬ ನೋಟಿಸ್ ಗೋಡೆಗೆ ಅಂಟಿತು. ಇದು ನಿಜವಾಗಿ ನಡೆದದ್ದು. ಕಥೆಗೆ ಬಹಳ ಸಪ್ಪೆ.

"ಕ್ಲಿನಿಕ್ಕಿಗೆ ಹೋಗಿಬಿಡಮ್ಮ, ನನಗೂ ನಿನಗೂ ನೆಮ್ಮದಿ," ಎಂದೆ.

"ಅಲ್ಲಿ ತಪ್ಪು ಮಾಡಲ್ವಾ ನಾನು? ಮಾಡ್ತೀನಿ. ನಿಧಾನಕ್ಕೆ ಮಾಡ್ತೀನಿ, ಅಷ್ಟೇ."

"ಹಾಗಾದ್ರೆ ಸಹಿ ಹಾಕು."

"ಹಾಕಿದ ಮೇಲೆ ಇನ್ನೊಬ್ರು ಅಜ್ಜಿ ವಾಪಸ್ಸೇ ಬರ್ದಿದ್ರೆ?"

೬

ಶುಕ್ರವಾರ ನಾಲ್ಕು ಗಂಟೆ. ಬಸವ್ವ ಐಸಿಯುನಿಂದ ವಾರ್ಡಿಗೆ ಬಂದಿದ್ದಾಳೆ. ಮೂಗಿಗೆ ಆಕ್ಸಿಜನ್ ನಳಿಗೆ, ಬೆನ್ನಿಗೆ ಮೂರು ದಿಂಬು. ಆಗಲೇ ನಲವತ್ತು ನಿಮಿಷ ಕಾದಿದ್ದ ಪೂಜಿತಾ ದುಭಾಷಿಯನ್ನು ಫೋನಿನಲ್ಲಿ ಹಿಡಿದು ಒಳಗೆ ಹೋದಳು. ಇಂಗ್ಲಿಷಿನಲ್ಲೇ ಎಲ್ಲವನ್ನೂ ಹೇಳಿದಳು. ತನ್ನ ಕನ್ನಡದ ಮೇಲೆ ಅವಳಿಗೆ ಈಗ ನಂಬಿಕೆಯಿಲ್ಲ.

ಫೋನಿನ ಹೆಣ್ಣುದನಿ ಅನುವಾದಿಸಿತು: "ಅವತ್ತು ನಿಮ್ಮ ಮಾತು ಅವರಿಗೆ ತಪ್ಪಾಗಿ ಅರ್ಥ ಆಯ್ತಂತೆ. ಅವರ ತಪ್ಪಿಂದಾನೇ ನಿಮಗೆ ಹೀಗಾಯ್ತು, ಕ್ಷಮಿಸಿ ಅಂತಿದಾರೆ."

ಬಸವ್ವ ಫೋನಿನ ಕಡೆ ನೋಡಿ ಹೇಳಿದಳು. "ತಪ್ಪಿಲ್ಲ ಅಂತ ನಾ ಅನ್ನೂದಿಲ್ಲ. ಜೀವ ಹೋಗಿ ಬಂದಂಗ ಆತು." ಆಮೇಲೆ ಪೂಜಿತಾಳ ಕಡೆ ತಿರುಗಿದಳು. "ಆದ್ರ ಆ ಫೋನಿಗ್ಯಾಕ ಹೇಳ್ತಿ? ನನ್ನ ಕೂಡ ಮಾತ ಬಿಟ್ಟಿಯೇನು? ಮುಂದಿನ ಸಲ ಬಂದ್ರ ನೀನ ಇರ್ತೀಯೋ ಇಲ್ಲೋ?"

ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಲು ಶುರು ಮಾಡುವ ಮೊದಲೇ ಪೂಜಿತಾಗೆ ಅರ್ಥವಾಗಿತ್ತು.

"ಗೊತ್ತಿಲ್ಲ ಅಜ್ಜಿ. ನಂಗೆ ತುಂಬಾ ಭಯ ಆಗತ್ತೆ."

"ನನಗೂ ಆಕ್ಕೈತಿ. ಕುಂಡ್ರು."

ಅವಳು ಕೂತಳು. ಅಜ್ಜಿಗೂ ಭಯವಂತೆ, ನಿಮ್ಮನ್ನು ಕೂರಲು ಹೇಳುತ್ತಿದ್ದಾರೆ ಎಂದು ದುಭಾಷಿ ಇಂಗ್ಲಿಷಿನಲ್ಲಿ ನಿಷ್ಠೆಯಿಂದ ಒಪ್ಪಿಸಿದಳು.

ಈಗ ನಾಲ್ಕು ಇಪ್ಪತ್ತು. ಐದರವರೆಗೆ ಬರೆದುಬಿಟ್ಟರೆ ನಿಮಗೆ ಉತ್ತರ ಸಿಗುತ್ತದೆ, ನನಗೂ ಸಿಗುತ್ತದೆ. ಸಹಿಗೆಂದು ಪೂಜಿತಾಳನ್ನು ಅಲ್ಲಿಂದ ಎಬ್ಬಿಸಲು ಎರಡು ಸಲ ವಾಕ್ಯ ಬರೆದೆ. ಎರಡು ಸಲವೂ ಅವಳು ಏಳಲಿಲ್ಲ.