ಹೊರೇಸ್ ಕಟ್ಟಿದ ಐಸು

"ಈ ರೂಮಲ್ಲಿ ಏನ್ರೀ ಸತ್ತಿರೋದು?"

ಲೀಗಿನ ಉಪಾಧ್ಯಕ್ಷ ರೆಡ್‌ಫರ್ನ್ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಕೇಳಿದ. ಐಸ್ ಹಾಕಿ ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ನಿಂತಿದ್ದೆವು. ಸತ್ತದ್ದು ಏನೂ ಇರಲಿಲ್ಲ. ಇಪ್ಪತ್ತಮೂರು ಹುಡುಗರಿಗೆ ಇಪ್ಪತ್ತಮೂರು ಜೊತೆ ಚರ್ಮದ ಮೆಟ್ಟು ಹೊಲಿದು ಫಿಲೊಮೀನ್ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದಳು. ಕೊಳೆತ ಮರದ ಹೊಗೆಯಲ್ಲಿ ಹದ ಮಾಡಿದ, ಮೂಸ್ ಎಂಬ ದೊಡ್ಡ ಕಡವೆಯ ಚರ್ಮ. ಆ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ನಮಗೆ ಅದು ಮನೆಯ ವಾಸನೆ.

"ಚರ್ಮದ್ದು ಸರ್," ಎಂದೆ. "ಹೊಗೆ ಹಾಕಿ ಹದ ಮಾಡಿರೋದು."

"ನಿಮಗೆ ಅಭ್ಯಾಸ ಆಗಿರುತ್ತೆ. ಬೇರೆ ಊರಿನ ಹುಡುಗರು ಬರ್ತಾರಲ್ಲಮ್ಮ, ಅವರ ಅಪ್ಪ ಅಮ್ಮಂದಿರು ಬರ್ತಾರೆ. ತೆಗೆಸಿಬಿಡಿ."

ಫಿಲೊಮೀನ್ ಅಲ್ಲೇ ಇದ್ದಳು. ಇಂಗ್ಲಿಷು ಬಾರದವಳಂತೆ ನಿಂತಿದ್ದಳು. ಬರುತ್ತಿತ್ತು. ಮೆಟ್ಟುಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ತುಂಬಿದಳು.

ಅಲ್ಲಿಂದ ಅವನು ಅಂಗಣಕ್ಕೆ ಬಂದ. ಅವಳ ಗಂಡ ಹೊರೇಸ್ ಬೀಯರ್ಡಿ ಮಂಜುಗಡ್ಡೆಯ ಅಂಚಿನಲ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಎಪ್ಪತ್ತೆರಡು ವರ್ಷ, ಊರಿಗೆಲ್ಲ ಮೋಶುಮ್, ಎಲ್ಲರ ಅಜ್ಜ. ಈ ಕಟ್ಟಡ ಬರುವುದಕ್ಕೂ ಮೊದಲು ಸರೋವರದ ಮೇಲೆ ಹಿಮ ಗುಡಿಸಿ, ಬಕೀಟಿನಲ್ಲಿ ನೀರು ಹೊಯ್ದು, ನಮ್ಮೆಲ್ಲರ ಮಕ್ಕಳಿಗೆ ಆಡಲು ಐಸು ಕಟ್ಟಿಕೊಟ್ಟವನು.

"ಐಸ್ ಮಾಡೋನು ನೀನೇನಾ? ಸರ್ಟಿಫಿಕೇಟ್ ಇದೆಯಾ?"

ಹೊರೇಸ್ ನನ್ನ ಮುಖ ನೋಡಿದ.

ರೆಡ್‌ಫರ್ನ್ ಚೀಲದಿಂದ ಡ್ರಿಲ್ ತೆಗೆದು ಅವನ ಕೈಗಿಟ್ಟ. ಇಪ್ಪತ್ತು ಕಡೆ ಕೊರೆದು ದಪ್ಪ ತೋರಿಸಬೇಕು. ಮುದುಕ ಮೊಣಕಾಲೂರಿದ, ಕೊರೆದ, ಅಳತೆಪಟ್ಟಿ ಇಳಿಸಿದ, ಎದ್ದ. ಒಂದೂಕಾಲು ಇಂಚು. ಮತ್ತೆ ಊರಿದ. ಒಂದೂಕಾಲು. ಹದಿಮೂರನೆಯ ತೂತಿನ ಹತ್ತಿರ ಏಳಲಾಗಲಿಲ್ಲ. ನನ್ನ ಮಗ ಥಿಯೋ ಕಟಕಟೆ ಹಾರಿ ಓಡಿಬಂದ.

"ನೀನು ಬೇಡ," ಎಂದ ರೆಡ್‌ಫರ್ನ್. "ಜವಾಬ್ದಾರಿ ಅವನದು. ಅವನೇ ಮಾಡಲಿ."

ಇಪ್ಪತ್ತೂ ಕಡೆ ಒಂದೂಕಾಲು ಇಂಚು. ರೆಡ್‌ಫರ್ನ್ ಬರೆದುಕೊಂಡು, "ಅದೃಷ್ಟ ಚೆನ್ನಾಗಿದೆ," ಎಂದ.

ಅವನ ಕಾರು ಹೋದ ಮೇಲೆ ಹೊರೇಸ್ ನನ್ನ ಪಕ್ಕ ಕೂತು ಮಂಡಿ ತಿಕ್ಕಿಕೊಂಡ. "ಮುಂಡೇಮಗ ನನ್ನೈಸಿಗೆ ನನ್ ಕೈಯಾಗೇ ಇಪ್ಪತ್ ತೂತು ಹೊಡಿಸ್ಬುಟ್ಟ ಕಣಮ್ಮಿ. ಹಲ್ಲಿಲ್ದೋನಿಗೆ ಹಲ್ಲು ಎಣ್ಸಿದಂಗೆ ಎಣ್ಸ್‌ದ." ನಕ್ಕ. ಆಮೇಲೆ ಥಿಯೋನ ಕಡೆ ಗಲ್ಲ ಎತ್ತಿ, "ಇರ್ಲಿ ಬುಡು. ಇನ್ಮೇಲೆ ನಿನ್ ಹೈದ ಮನೇಲೇ ಉಂಡ್ಕಂಡು ಆಡ್ತಾನೆ," ಎಂದ.

ಅದಕ್ಕಾಗಿಯೇ ನಮ್ಮೂರ ತಂಡವನ್ನು ಸೇರಿಸಿಕೊಳ್ಳಿ ಎಂದು ನಾನು ಲೀಗಿಗೆ ನಾಲ್ಕು ವರ್ಷ ಅರ್ಜಿ ಬರೆದದ್ದು. ಜೂನಿಯರ್ ಹಾಕಿ ಆಡಬೇಕಾದರೆ ನಮ್ಮ ಕ್ರೀ ಬುಡಕಟ್ಟಿನ ಹುಡುಗರು ಹದಿನೈದಕ್ಕೇ ಊರು ಬಿಟ್ಟು ಒಂಬತ್ತು ಗಂಟೆ ದಾರಿ ದಕ್ಷಿಣಕ್ಕೆ ಹೋಗಿ, ಗುರುತಿಲ್ಲದವರ ಮನೆಯಲ್ಲಿರಬೇಕು. ಥಿಯೋ ಎರಡು ಚಳಿಗಾಲ ಹಾಗಿದ್ದ. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದ. ತಿರುಗಿ ಬಂದ ದಿನ ಉಂಡಾದ ಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆದು, ಒರೆಸಿ, ನಮ್ಮ ತಟ್ಟೆಗಳ ಜೊತೆ ಇಡದೆ ಕಿಟಕಿಯ ಮೇಲೆ ಬೇರೆ ಇಟ್ಟ. ಮರುದಿನವೂ ಹಾಗೇ. ಮೂರನೆಯ ದಿನ ನಾನು ಕೇಳಿದೆ.

"ಅಲ್ಲಿ ಹಂಗೇ ಇಡ್ಬೇಕಾಗಿತ್ತು," ಎಂದ. ಅಷ್ಟೇ.

ನೀಲಿ ಅಂಚಿನ ಆ ತಟ್ಟೆ ಈಗಲೂ ಕಿಟಕಿಯ ಮೇಲೆಯೇ ಇರುತ್ತದೆ. ನಾನು ತೆಗೆದು ಎಲ್ಲದರ ಜೊತೆ ಸೇರಿಸಿದರೆ ಅವನು ಹುಡುಕಿ ಮತ್ತೆ ಅಲ್ಲಿಡುತ್ತಾನೆ.

ಲೀಗು ನಮ್ಮನ್ನು ಒಂದು ವರ್ಷದ ಪರೀಕ್ಷೆಯ ಮೇಲೆ ಸೇರಿಸಿಕೊಂಡಿತು. ಕರಾರು ನಲವತ್ತೊಂದು ಪುಟ. ಊರಲ್ಲಿ ಕಾಲೇಜು ಓದಿದವಳು, ಕಚೇರಿಯ ಕಾಗದ ನೋಡುವವಳು ನಾನು. ತಂಡದ ಕಾರ್ಯದರ್ಶಿಯೂ ನಾನೇ. ಮೂರು ಸಲ ಓದಿದೆ. ಇಪ್ಪತ್ತೆಂಟನೆಯ ಪುಟದಲ್ಲಿ, ತವರಿನ ಒಂದು ಆಟ ತಪ್ಪಿದರೂ ಸದಸ್ಯತ್ವ ರದ್ದು ಎಂದಿತ್ತು. ಯಾವ ಕಾರಣಕ್ಕೆ ಮುಂದೂಡಬಹುದೆಂದು ಊರೇ ಪಟ್ಟಿ ಕೊಡಬೇಕು. ಹಿಮಬಿರುಗಾಳಿ, ರಸ್ತೆ ಮುಚ್ಚಿದರೆ, ಬೆಂಕಿ, ಕರೆಂಟು ಹೋದರೆ, ಎಂದು ಬರೆದೆ. ಮತ್ತೊಮ್ಮೆ ಓದಿ, 'ನೀರಿನ ಕೊಳವೆ ಒಡೆದರೆ' ಎಂದು ಸೇರಿಸಿದೆ. ಏನೂ ಬಿಟ್ಟುಹೋಗಿಲ್ಲವೆಂದು ಸಹಿ ಹಾಕಿದೆ.

ಗೋಲಿನ ಹಿಂದಿನ ಗಾಜು ಗಿಡ್ಡವಾಯಿತೆಂದು ರೆಡ್‌ಫರ್ನ್ ತಕರಾರು ತೆಗೆದದ್ದರಿಂದ ನವೆಂಬರ್‌ವರೆಗೂ ನಮ್ಮ ಹುಡುಗರು ಪರವೂರುಗಳಲ್ಲೇ ಆಡಿದರು. ತವರಿನ ಮೊದಲ ಆಟ ನವೆಂಬರ್ ಕೊನೆಯ ಶನಿವಾರ ಮಧ್ಯಾಹ್ನ ಎಂದು ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಹೊರೇಸ್ ಸತ್ತ.

ಐಸಿಗೆ ಕೊನೆಯ ನೀರು ಬಿಟ್ಟು, ಪೈಪು ಸುತ್ತಿ ಗೂಟಕ್ಕೆ ಹಾಕಿ, ಬೆಂಚಿನ ಮೇಲೆ ಕೂತಿದ್ದಾನೆ. ತರಬೇತುದಾರ ಜೊನಾಸ್ ಬಂದು ಮಾತಾಡಿಸಿದ; ಉತ್ತರ ಬರಲಿಲ್ಲ. ಜೊನಾಸ್ ಮೊದಲು ಮಾಡಿದ ಕೆಲಸ ಅಂಗಣದ ದೀಪ ಆರಿಸಿದ್ದು.

ನಮ್ಮಲ್ಲಿ ಹೆಣ ಮಣ್ಣಾಗುವವರೆಗೆ ಆಟವಿಲ್ಲ, ಹಾಡಿಲ್ಲ, ಅಂಗಣಕ್ಕೆ ದೀಪವಿಲ್ಲ. ಸತ್ತವನನ್ನು ಒಬ್ಬನೇ ಬಿಡುವಂತಿಲ್ಲ. ಊರೆಲ್ಲ ಸುತ್ತ ಕೂತಿರಬೇಕು. ಊರೆಲ್ಲ ಕೂರುವಷ್ಟು ಜಾಗ ಆ ಅಂಗಣ ಒಂದೇ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಉಸಿರಾಡಬೇಕೆಂದು ಯಾರಾದರೂ ಕರಾರಿನಲ್ಲಿ ಬರೆಯುತ್ತಾರೆಯೇ? ನಾನೂ ಬರೆದಿರಲಿಲ್ಲ.

ರೆಡ್‌ಫರ್ನ್‌ಗೆ ಫೋನು ಮಾಡಿದೆ. ನವೆಂಬರಿನ ನೆಲ ಕಲ್ಲಾಗಿರುತ್ತದೆ, ಬೆಂಕಿ ಹಾಕಿ ಕರಗಿಸಿ ಗುಂಡಿ ತೋಡಲು ಮೂರು ದಿನ ಬೇಕು, ಭಾನುವಾರ ಮಣ್ಣು, ಸೋಮವಾರ ಆಡುತ್ತೇವೆ, ಎಂದು ಬರೆದಿಟ್ಟುಕೊಂಡದ್ದನ್ನು ಓದಿದೆ.

"ಸತ್ತಿರೋದು ಆಟಗಾರನಾ?"

"ಅಲ್ಲ ಸರ್. ಹೊರೇಸ್. ಐಸ್ ಮಾಡ್ತಿದ್ದವರು. ನೀವು ನೋಡಿದೀರಿ."

"ಓ, ಆ ಮುದುಕ. ನೋಡಮ್ಮ, ಮುದುಕರು ಸಾಯ್ತಾನೇ ಇರ್ತಾರೆ. ನಿಮ್ಮೂರಲ್ಲಂತೂ ತಿಂಗಳಿಗೊಬ್ಬರು. ಒಬ್ಬೊಬ್ಬರಿಗೂ ಆಟ ನಿಲ್ಲಿಸ್ತಾ ಕೂತರೆ ಲೀಗು ನಡೆಸೋಕೆ ಆಗುತ್ತಾ? ಪುಟ ಇಪ್ಪತ್ತೆಂಟು ತೆಗಿ. ಬಿರುಗಾಳಿ, ರಸ್ತೆ, ಬೆಂಕಿ, ಕರೆಂಟು, ಕೊಳವೆ. ಇದರಲ್ಲಿ ಸಾವು ಎಲ್ಲಿದೆ ತೋರಿಸು. ಬರೆದೋಳು ನೀನೇ ತಾನೆ?"

"ನಾನೇ ಸರ್. ತಪ್ಪಾಯ್ತು. ಈ ಒಂದು ಸಲ..."

"ಶನಿವಾರ ಎರಡು ಗಂಟೆಗೆ ನಾನೇ ಬರ್ತೀನಿ," ಎಂದು ಇಟ್ಟುಬಿಟ್ಟ.

ಜೊನಾಸ್ ಎದುರಿಗೇ ಕೂತಿದ್ದ. "ಎರಡೇ ಗಂಟೆ ಆಟ ಕಣಕ್ಕ," ಎಂದ, ನೆಲ ನೋಡುತ್ತ. "ಪೆಟ್ಟಿಗೇನ ಸ್ಕೂಲಲ್ಲಿ ಇಟ್ಕಂಡು, ಆಟ ಮುಗಿಸಿ ಲೈಟ್ ಆರಿಸ್ಬುಡನ. ಮೋಶುಮ್ ಬದ್ಕಿದ್ರೆ ಆಡ್ರಲಾ ಅಂತಲೇ ಅಂತಿದ್ರು."

"ಅಂತಿರ್ಲಿಲ್ಲ. ನಿಮ್ಮವ್ವ ಹೋದಾಗ ಲೈಟ್ ಆರಿಸ್ದೋರು ಅವ್ರೇ ಅಲ್ವಾ?"

ಜೊನಾಸ್ ಮುಖ ಉಜ್ಜಿಕೊಂಡ. "ಆ ಸೂಳೆಮಗನಿಗೆ ಇದ್ನೆಲ್ಲ ಯಾವ ಭಾಷೇಲಿ ಹೇಳದು?"

ಆದರೂ ನಾನು ಹೋದೆ. ಥಿಯೋನ ತಟ್ಟೆ ಕಣ್ಣ ಮುಂದಿತ್ತು. ಶುಕ್ರವಾರ ಬೆಳಿಗ್ಗೆ, ಸಾವಿನ ಮನೆಗೆ, ಆಟ ಆಡಲು ಅಪ್ಪಣೆ ಕೇಳುವುದಕ್ಕೆ.

ಫಿಲೊಮೀನ್ ನೆಲದ ಮೇಲೆ ಕೂತು ಆ ಗೋಣಿಚೀಲ ಬಿಚ್ಚಿಕೊಂಡಿದ್ದಳು. ಸತ್ತವನ ಕಾಲಿಗೆ ಹೊಸ ಮೆಟ್ಟು ಬೇಕು. ಒಂದು ಜೊತೆ ಎತ್ತಿ ಹಿಡಿದು, "ಎಲ್ಲಾದ್ಕಿಂತ ದೊಡ್ಡವು ಇವು," ಎಂದಳು. "ನಿನ್ ಮಗನಿಗೆ ಹೊಲ್ದಿದ್ದೆ. ಇವ್ರಿಗೆ ಸರಿಯಾಯ್ತವೆ. ಬೇಜಾರಿಲ್ವಾ?"

"ಇಲ್ಲ ಕೋಕುಮ್," ಎಂದೆ. ಅಜ್ಜಿ ಎಂದು ಕರೆದ ಬಾಯಲ್ಲೇ ಹೇಗೋ ಕೇಳಿಬಿಟ್ಟೆ. ಎರಡೇ ಗಂಟೆ. ಆಡದಿದ್ದರೆ ತಂಡ ಹೋಗುತ್ತದೆ.

ಅವಳು ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು.

"ನಾನು ಊಂ ಅಂದ್ರೆ ನಿಂಗೆ ಸಮಾಧಾನ ಆಯ್ತದಾ?"

ನಾನು ಗೋಣಿಚೀಲದ ಬಾಯಿ ಮಡಚತೊಡಗಿದೆ.

"ಇದು ನನ್ ಅಪ್ಣೆ ಮಾತಲ್ಲ ಕಣಮ್ಮಿ. ಅವ್ರಿನ್ನೂ ಇಲ್ಲೇ ಅವ್ರೆ, ಹೊಂಟಿಲ್ಲ. ಹೊಂಟು ನಿಂತೋರ ಮುಂದೆ ಸೀಟಿ ಊದಿ ಕುಣಿಯಕ್ಕಾಯ್ತದಾ? ಅಷ್ಟೂ ಇದ್ರೆ ನಿನ್ ಮಗನ್ನ ಕೇಳು ಹೋಗು. ನೆನ್ನೆಯಿಂದ ಗುಂಡಿ ತಾವೇ ಅವ್ನೆ. ಹಾರೆ ಕೆಳಗಿಟ್ಟು ಕೋಲು ಹಿಡ್ಕೊ ಅಂತ ನೀನೇ ಹೇಳು."

ಸ್ಮಶಾನದಲ್ಲಿ ಸ್ಪ್ರೂಸ್ ಮರದ ದಿಮ್ಮಿಗಳು ಉರಿಯುತ್ತಿದ್ದವು. ಕೆಂಡ ಸರಿಸಿ, ಕರಗಿದ ಗೇಣು ಮಣ್ಣು ತೋಡಿ, ಮತ್ತೆ ಕೆಂಡ ಎಳೆಯುತ್ತಿದ್ದರು. ಥಿಯೋ ಮೊಣಕಾಲುದ್ದದ ಗುಂಡಿಯಲ್ಲಿದ್ದ. ಮುಖವೆಲ್ಲ ಮಸಿ.

"ಆಡದಿದ್ರೆ ಏನಾಗುತ್ತೆ ಅಂತ ಗೊತ್ತಾ?" ಎಂದೆ.

"ಗೊತ್ತು."

"ಮತ್ತೆ ಆ ಊರಿಗೆ ಹೋಗಬೇಕಾಗುತ್ತೆ. ಇಲ್ಲಾಂದ್ರೆ ಹಾಕಿನೇ ಬಿಡಬೇಕು."

"ಗೊತ್ತಮ್ಮ." ಹಾರೆಗೆ ಒರಗಿ ನಿಂತ. "ಅಲ್ಲಿ ಎರಡು ವರ್ಷ ಅವರು ಇರು ಅಂದಂಗೇ ಇದ್ದೆ. ಇಲ್ಲೂ ಅವರು ಇರು ಅಂದಂಗೇ ಇರ್ಬೇಕು ಅಂದ್ರೆ, ನಾನು ಇಲ್ಲಿಗೆ ಬಂದಿದ್ದಾದರೂ ಯಾಕೆ?"

ಶನಿವಾರ ಎರಡು ಗಂಟೆಗೆ ಸರಿಯಾಗಿ ಎದುರಾಳಿ ತಂಡದ ಬಸ್ಸು ಬಂತು.

ಅಂಗಣದ ದೊಡ್ಡ ದೀಪಗಳು ಆರಿದ್ದವು. ಮೇಲಿನ ಗವಾಕ್ಷಿಯಿಂದ ಬೀಳುವಷ್ಟೇ ಬೆಳಕು. ಐಸಿನ ನಟ್ಟನಡುವೆ ಹಲಗೆ ಹಾಸಿ, ಜೊನಾಸ್ ಮಾಡಿದ ಪೆಟ್ಟಿಗೆ ಇಟ್ಟಿದ್ದೆವು. ಸುತ್ತ ಊರು ಕಂಬಳಿ ಹೊದ್ದು ಕೂತಿತ್ತು. ಮುದುಕಿಯರು, ಮೊಲೆ ಕುಡಿಸುವವರು, ಎಲ್ಲರೂ. ಗೋಡೆಯ ಪಕ್ಕ ನಮ್ಮ ಹುಡುಗರು ಆಟದ ಪೂರ್ತಿ ಉಡುಪಿನಲ್ಲಿ ಸಾಲಾಗಿ ನಿಂತಿದ್ದರು. ತಂಡ ಬರಲಿಲ್ಲವೆಂದು ಯಾವನೂ ಬರೆಯಬಾರದೆಂದು ಜೊನಾಸ್ ಹಾಗೆ ನಿಲ್ಲಿಸಿದ್ದ. ಕಾಲಲ್ಲಿ ಮಾತ್ರ ಸ್ಕೇಟುಗಳಿಲ್ಲ, ಫಿಲೊಮೀನ್ ಹೊಲಿದ ಮೆಟ್ಟುಗಳು. ಥಿಯೋ ಗೋಲಿನ ಮುಂದೆ, ದಪ್ಪ ಕಾಲುಕವಚ ಕಟ್ಟಿಕೊಂಡು, ಬರೀ ಕಾಲುಚೀಲದಲ್ಲಿ.

ರೆಡ್‌ಫರ್ನ್ ಕಟಕಟೆಯ ಬಾಗಿಲಲ್ಲಿ ನಿಂತ. ಅವನ ಹಿಂದೆ ಬಸ್ಸಿನಲ್ಲಿ ಬಂದ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಇಣುಕಿ, ಗಪ್ಪಾದರು.

"ಇಪ್ಪತ್ತು ನಿಮಿಷ ಕೊಡ್ತೀನಿ," ಎಂದ. "ಅದನ್ನ ಎತ್ತಿಸಿ."

ಯಾರೂ ಅಲುಗಲಿಲ್ಲ.

"ಹೇಳಿದ್ದು ಕೇಳಿಸ್ತಾ? ಅದನ್ನ ಎತ್ತಿಸಿ."

"ಅದು ಅಲ್ಲ ಕಣಯ್ಯ, ಅವ್ರು," ಎಂದಳು ಫಿಲೊಮೀನ್, ಕೂತಲ್ಲಿಂದಲೇ. ಇಂಗ್ಲಿಷಿನಲ್ಲಿ ಹೇಳಿದಳು. "ನೋಡಂಗಿದ್ರೆ ಬೂಟು ಬಿಚ್ಚಿ ಬಾ. ಐಸು ಅವ್ರದೇ."

ಅವನು ಬರಲಿಲ್ಲ. ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ನಿಂತ. ಒಂದು ಮಗು ಕೆಮ್ಮಿತು. ಆಮೇಲೆ ಚೀಲದಿಂದ ನಮೂನೆ ತೆಗೆದು ಕಟಕಟೆಯ ಮೇಲಿಟ್ಟು ನನ್ನನ್ನು ಕರೆದ. ಆಟ ನಡೆಯದಿರಲು ಕಾರಣ ಎಂದು ಒಂದು ಖಾಲಿ ಗೆರೆ ಇತ್ತು.

"ಐಸ್ ಆಟಕ್ಕೆ ಯೋಗ್ಯವಾಗಿಲ್ಲ, ಅಂತ ಬರೆದು ಸಹಿ ಹಾಕು," ಎಂದ. "ನಿಮಗೂ ಗೌರವ. ಮುಂದೆ ಎಂದಾದರೂ ಅರ್ಜಿ ಹಾಕಿದರೆ ನೋಡೋಣ."

ನಾನು ಐಸಿನ ಕಡೆ ನೋಡಿದೆ. ಒಂದು ಗೀರಿಲ್ಲ. ಗುರುವಾರ ಬೆಳಿಗ್ಗೆ ಬಿಟ್ಟ ನೀರು ಕನ್ನಡಿಯಂತೆ ಕಟ್ಟಿತ್ತು. ಪೆಟ್ಟಿಗೆಯ ನೆರಳು ಅದರಲ್ಲಿ ಸ್ಪಷ್ಟವಾಗಿ ಬಿದ್ದಿತ್ತು.

ಅಕ್ಷರ ಕೆಡಬಾರದೆಂದು ನಿಧಾನವಾಗಿ ಬರೆದೆ: ಐಸು ಸಿದ್ಧವಿದೆ. ಎಲ್ಲ ಕಡೆ ಒಂದೂಕಾಲು ಇಂಚು. ಅದನ್ನು ಕಟ್ಟಿದವನು ಅದರ ಮೇಲೆ ಇದ್ದಾನೆ.

ರೆಡ್‌ಫರ್ನ್ ಓದಿದ. "ಇದು ಕಾರಣ ಅಲ್ಲ. ಹೊಡೆದು ಹಾಕು."

"ಇಲ್ಲ ಸರ್," ಎಂದೆ. "ಮೂರು ಸಲ ಓದಿ ನೋಡಿದೀನಿ. ಏನೂ ಬಿಟ್ಟುಹೋಗಿಲ್ಲ."

ಸಹಿ ಹಾಕಿದೆ.

ಅವನು ಕಾಗದ ಕಿತ್ತುಕೊಂಡು ಆ ಹುಡುಗರನ್ನು ಬಾಗಿಲ ಕಡೆ ಅಟ್ಟಿದ. "ಮುಗೀತು ನಿಮ್ಮ ಹಾಕಿ," ಎಂದ ಹೋಗುವಾಗ. ಮುಗಿದಿತ್ತು. ಜೊನಾಸ್ ಹುಡುಗರಿಗೆ ಬೆನ್ನು ಮಾಡಿ ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟ.

ಊಟದ ಹೊತ್ತಾಗಿತ್ತು. ಹೆಂಗಸರು ಮೂಸ್ ಮಾಂಸದ ಸಾರಿನ ಕಡಾಯಿ ತಂದಿಟ್ಟರು. ಮನೆಮನೆಯಿಂದ ಬಂದ ತಟ್ಟೆಗಳು ರಾಶಿಯಾಗಿದ್ದವು. ಥಿಯೋ ಗೋಲಿನಿಂದ ಬಂದ. ರಾಶಿಗೆ ಕೈ ಹಾಕಲಿಲ್ಲ. ಚೀಲದಿಂದ ತನ್ನ ನೀಲಿ ಅಂಚಿನ ತಟ್ಟೆ ತೆಗೆದ. ಮನೆಯಿಂದ ತಂದಿದ್ದಾನೆಂದು ನನಗೆ ಗೊತ್ತಿರಲಿಲ್ಲ.

ಫಿಲೊಮೀನ್ ಆ ತಟ್ಟೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಊರಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

"ತತ್ತಾ ಅದ್ನ," ಎಂದಳು.

ಎಲ್ಲರಿಗಿಂತ ಮೊದಲು ತೆಗೆದಿಡುವ ಸತ್ತವನ ಪಾಲನ್ನು ಅದರೊಳಗೆ ಬಡಿಸಿದಳು. ಮೂಸ್‌ನ ಮೂಗಿನ ಮಾಂಸ, ಹೊರೇಸ್‌ಗೆ ಇಷ್ಟವಾದದ್ದು. ಅಂಚಿನವರೆಗೆ ಸಾರು ಹೊಯ್ದಳು. "ತಗಂಡೋಗು. ನಿನ್ ತಟ್ಟೇಲೇ ಉಣ್ಣಲಿ ಅವ್ರು."

ಹೊರಗೆ ಬಸ್ಸು ಸದ್ದು ಮಾಡಿತು. ಥಿಯೋ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದ. ಕಾಲುಕವಚದ ಭಾರಕ್ಕೆ ಅಗಲಗಲ ಹೆಜ್ಜೆ ಇಡುತ್ತ, ಒದ್ದೆ ಕಾಲುಚೀಲದಲ್ಲಿ, ಸಾರು ತುಳುಕದಂತೆ, ಐಸಿನ ಮೇಲೆ ನಡೆದುಕೊಂಡು ಹೋದ.