ರೇಷ್ಮಾಳ ಪಕ್ಕದ ಸೀಟು, ಸಂಘದ ಪ್ರೊಜೆಕ್ಟರ್

ಎಷ್ಟೋ ಸಂಘಗಳಲ್ಲಿ ಹೀಗೇ ಆಗುತ್ತದೆ. ಒಕ್ಕೂಟದಿಂದ ಹೊಸ ಯಂತ್ರವೊಂದು ಬರುತ್ತದೆ. ಎಲ್ಲರೂ ಒಮ್ಮೆ ಮುಟ್ಟಿ ನೋಡುತ್ತಾರೆ. ಕೆಟ್ಟರೆ ಯಾರು ಹೊಣೆ ಎಂದು ಯಾರೋ ಕೇಳುತ್ತಾರೆ. ಅಲ್ಲಿಗೆ ಯಂತ್ರ ಕಪಾಟು ಸೇರುತ್ತದೆ.

ಮರಾಠಿ ಸೀಮೆಯ ಶೇಂದ್ರಾದ ಕಾರ್ಖಾನೆಗಳ ಹಿಂದಿನ ವಸತಿಯಲ್ಲಿರುವ ಕನ್ನಡದ ಹೆಂಗಸರ ಬಚತ್ ಗಟ್‌ನಲ್ಲೂ, ಅಂದರೆ ಉಳಿತಾಯ ಸಂಘದಲ್ಲೂ, ಹಾಗೇ ಆಯಿತು. ಇವರು ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವವರು. ಊಟದ ಡಬ್ಬಿಗಿಂತ ತುಸು ದೊಡ್ಡದಾದ ಪ್ರೊಜೆಕ್ಟರ್ ಇವರ ಪಾಲಿಗೆ ಬಂದಿತ್ತು. ಅದು ಅಧ್ಯಕ್ಷೆ ಪಾರ್ವತಿಬಾಯಿಯವರ ಕಪಾಟಿನಲ್ಲಿ ಮದುವೆ ಸೀರೆಗಳ ಕೆಳಗೆ ಮಲಗಿತು.

ಅದನ್ನು ಎಬ್ಬಿಸಿದವಳು ಶರ್ಮಿಳಾ. ಬೀದರಿನವಳು, ಗಂಡನಿಗೆ ಇಲ್ಲಿ ಕಾರ್ಖಾನೆಯಲ್ಲಿ ನೌಕರಿ. ಮದುವೆಗೆ ಮುಂಚೆ ಕಂಪ್ಯೂಟರ್ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಸಂಘಕ್ಕೆ ಸೇರಿದ್ದು ಮೊನ್ನೆ ಮೊನ್ನೆ. ಅವಳು ಪ್ರೊಜೆಕ್ಟರ್ ಕೇಳಿ ತೆಗೆಸಿದ ಮೇಲೆ, ಸಂಘದ ಹಳೆಯ ಸದಸ್ಯೆ ಮಂಗಲಾಳ ಹೊಟ್ಟೆಯೊಳಗೆ ಕೆಂಡ ಬಿತ್ತು.

ಯಂತ್ರಕ್ಕಾಗಿ ಅಲ್ಲ, ರೇಷ್ಮಾಳಿಗಾಗಿ.

ಮಂಗಲಾ, ರೇಷ್ಮಾ ಇಬ್ಬರೂ ಜೇವರ್ಗಿ ಕಡೆಯವರು. ಒಂದೇ ಕಟ್ಟಡದ ಕೆಲಸಕ್ಕೆ ಒಂದೇ ವರ್ಷ ಬಂದವರು. ತಲೆಯ ಮೇಲೆ ಇಟ್ಟಿಗೆ ಹೊತ್ತಾಗಲೂ ಜೊತೆ, ಆಮೇಲೆ ರೊಟ್ಟಿ ಬಡಿಯಲು ಕೂತಾಗಲೂ ಜೊತೆ. ಬಸ್ಸು ಹತ್ತಿದರೆ ಮೊದಲು ಹತ್ತಿದವಳು ಪಕ್ಕದ ಸೀಟಿಗೆ ಸೆರಗು ಹಾಸಿ ಕಾಯುತ್ತಿದ್ದಳು. ಸಂತೆಗೆ ಒಬ್ಬಳೇ ಹೋದರೆ ಕಾಯಿಪಲ್ಲೆ ಮಾರುವವಳು ಸಹ, 'ಎಲ್ಲಿ ನಿನ್ನ ಜೋಡಿ?' ಎಂದು ಕೇಳುತ್ತಿದ್ದಳು.

ಒಂದು ಸಭೆಯಲ್ಲಿ ಪಾರ್ವತಿಬಾಯಿ ಸುದ್ದಿ ಹೇಳಿದರು. ನಾಶಿಕದಲ್ಲಿ ಒಕ್ಕೂಟದ ದೊಡ್ಡ ಸಭೆ. ಪ್ರತಿ ಸಂಘವೂ ತನ್ನ ಕೆಲಸವನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿ ಮಾತಾಡಬೇಕು. ಚೆನ್ನಾಗಿ ತೋರಿಸಿದವರ ಸಾಮಾನಿಗೆ ನಾಶಿಕದ ಮಳಿಗೆಯಲ್ಲಿ ಜಾಗ. ಒಂದು ಸಂಘದಿಂದ ಇಬ್ಬರೇ ಹೋಗಬಹುದು, ಮಾತಾಡಲು ಒಬ್ಬಳು, ಯಂತ್ರ ನಡೆಸಲು ಒಬ್ಬಳು.

ಶರ್ಮಿಳಾಗೆ ಮರಾಠಿ ನೀರು ಕುಡಿದ ಹಾಗೆ. ಮಾತಿಗೆ ಅವಳೇ ಎಂದಾಯಿತು.

"ಮಷೀನ್ ನಾ ಕಲೀತೀನ್ರಿ ಬಾಯಿ," ಎಂದು ರೇಷ್ಮಾ ಕೈ ಎತ್ತಿದಳು. ಎತ್ತುವ ಮೊದಲು ಒಮ್ಮೆಯೂ ಮಂಗಲಾಳ ಕಡೆ ತಿರುಗಲಿಲ್ಲ.

ಮಾರನೆಯ ದಿನ ರೇಷ್ಮಾ ಮಂಗಲಾಳ ಬಾಗಿಲಲ್ಲಿ ನಿಂತು ಕೇಳಿದಳು, "ಇವತ್ತ ಸಂತಿಗಿ ನೀ ಒಬ್ಬಾಕೀನೇ ಹೋಗಿ ಬರ್ತೀಯೇನವಾ? ನಂದು ಪ್ರಾಕ್ಟೀಸ್ ಅದ."

"ಹೋಗ್ತೀನಿ. ನನಗೇನು ದಾರಿ ಗೊತ್ತಿಲ್ಲೇನು."

"ಸಿಟ್ಟಾದೇನು?"

"ಸಿಟ್ಟ್ಯಾಕ? ನೀ ದೊಡ್ಡಾಕಿ ಆಗ್ಲತ್ತಿ, ಆಗು. ನಾವು ಹಿಟ್ಟಿನ ಮುಂದ ಕೂಡೋರು."

ರೇಷ್ಮಾ ನಕ್ಕು ಹೋದಳು. ಆ ನಗು ಮಂಗಲಾಗೆ ಇನ್ನೂ ಚುಚ್ಚಿತು.

ಪ್ರಾಕ್ಟೀಸ್ ನಡೆಯುತ್ತಿದ್ದುದು ಪಾರ್ವತಿಬಾಯಿಯವರ ಮನೆಯಲ್ಲಿ. ಮಂಗಲಾ ದಿನಾ ಸಂಜೆ ಏನಾದರೂ ನೆಪ ಹುಡುಕಿ ಅಲ್ಲಿಗೆ ಹೋಗುತ್ತಿದ್ದಳು. ಹೊಸ್ತಿಲ ಹತ್ತಿರ ಕೂತು ನೋಡುತ್ತಿದ್ದಳು. ಮೇಜಿನ ಮೇಲೆ ಆ ಡಬ್ಬಿ, ಅದರ ಹಿಂದೆ ಎರಡು ತಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ. ಶರ್ಮಿಳಾ ಏನೋ ಮೆಲ್ಲಗೆ ಹೇಳುತ್ತಾಳೆ, ರೇಷ್ಮಾ 'ಹೌದಲ್ಲಾ' ಎನ್ನುತ್ತಾಳೆ. ತನಗೆ ಇಷ್ಟು ವರ್ಷದಲ್ಲಿ ಅವಳು ಅಷ್ಟು ಬೆರಗಾಗಿ ಒಂದು ಸಲವೂ 'ಹೌದಲ್ಲಾ' ಎಂದದ್ದು ಮಂಗಲಾಗೆ ನೆನಪಾಗಲಿಲ್ಲ.

ಆ ಡಬ್ಬಿಯ ಮೇಲೆ ತನ್ನದೂ ಏನಾದರೂ ಇರಬೇಕು ಎಂದು ಅವಳಿಗೆ ಹಟ ಬಂತು. ಅವರ ಕಡೆ ಮನೆಗೆ ಬಂದ ಸಾಮಾನಿಗೆ ಬಟ್ಟೆ ತೊಡಿಸದೆ ಬಿಡುವುದಿಲ್ಲ. ಟಿವಿಗೆ ಹೊದಿಕೆ, ಮಿಕ್ಸರಿಗೆ ಹೊದಿಕೆ, ಗ್ಯಾಸ್ ಸಿಲಿಂಡರಿಗೂ ಅಂಚು ಕಟ್ಟಿದ ಹೊದಿಕೆ. ಮಂಗಲಾ ಹಳೆಯ ಸೀರೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೌದಿ ಹೊಲಿಗೆ ಹಾಕಿದಳು. ಬೆಳಕು ಬರುವ ಕಣ್ಣಿಗೆ ಮಾತ್ರ ದುಂಡಗೆ ಜಾಗ ಬಿಟ್ಟಳು. ಮಿಕ್ಕ ಮೈಗೆಲ್ಲ ಬಿಗಿಯಾಗಿ ಕೂರುವ ಹಾಗೆ ಹೊಲಿದಳು.

"ಕೂಸಿಗಿ ಕುಂಚಗಿ ಹೊಲ್ದಂಗ ಹೊಲ್ದೀಯವಾ," ಎಂದು ಪಾರ್ವತಿಬಾಯಿ ತಾವೇ ಅದನ್ನು ಪ್ರೊಜೆಕ್ಟರ್‌ಗೆ ತೊಡಿಸಿದರು.

ನಾಶಿಕಕ್ಕೆ ಹೋಗುವ ಮುಂಚೆ ಇಡೀ ಸಂಘದ ಮುಂದೆ ಒಮ್ಮೆ ತೋರಿಸಿ ನೋಡುವುದೆಂದು ಗೊತ್ತಾಗಿತ್ತು. ಆ ಸಂಜೆ ಶರ್ಮಿಳಾ ಗೋಡೆಯ ಬಳಿ ಇವರಿಗೆ ಬೆನ್ನು ಮಾಡಿ ನಿಂತು ತನ್ನ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ರೇಷ್ಮಾ ಹೊದಿಕೆ ತೆಗೆಯಲು ಕೈ ಹಾಕಿದಳು. ಹೊಸ್ತಿಲಲ್ಲಿ ಕೂತ ಮಂಗಲಾಳ ಮುಖ ನೋಡಿದಳು. ಕೈ ಹಿಂದಕ್ಕೆ ತಗೊಂಡಳು.

"ಇರಲಿ. ನಮ್ಮ ಮಂಗಲಾ ಹೊಲ್ದದ್ದು," ಎಂದು ಹಾಗೆಯೇ ರಿಮೋಟಿನ ಗುಂಡಿ ಒತ್ತಿ ಯಂತ್ರ ಹಚ್ಚಿ, ಕೋಣೆಯ ದೀಪ ಆರಿಸಿದಳು.

ಗೋಡೆಯ ಮೇಲೆ ರೊಟ್ಟಿಯ ಚಿತ್ರ ಬಂತು. ಬಡಿಯುವ ಕೈಗಳು ಬಂದವು. ಹೆಂಗಸರು ತಮ್ಮ ತಮ್ಮ ಬಳೆ ಗುರುತು ಹಿಡಿದು ನಕ್ಕರು. ಶರ್ಮಿಳಾಳ ಮಾತು ಅರ್ಧಕ್ಕೆ ಬಂದಿತ್ತು, ಯಂತ್ರ ತಟ್ಟನೆ ಆರಿ ಕತ್ತಲಾಯಿತು.

"ನಾ ಅಂದಿದ್ದೆ," ಕತ್ತಲಲ್ಲಿ ಪಾರ್ವತಿಬಾಯಿಯ ದನಿ. "ಕೆಡ್ಸಿ ಇಟ್ರಿ. ಹಾಂ, ಇನ್ನ ಯಾರೂ ಮುಟ್ಟಬ್ಯಾಡ್ರಿ. ರೇಷ್ಮಾ, ನಿನಗ ಕೊಟ್ಟಿದ್ದೇ ತಪ್ಪಾತು. ನಾಶಿಕಕ್ಕ ಯಾರೂ ಹೋಗೋದು ಬ್ಯಾಡ."

ಮಂಗಲಾಳ ಕೆಂಡದ ಮೇಲೆ ತಣ್ಣೀರು ಬಿದ್ದ ಹಾಗಾಯಿತು. ಯಾರೂ ಹೋಗುವುದು ಬೇಡ. ಸಂಜೆ ಸಂಜೆ ಈ ಗುಸುಗುಸು ಬೇಡ. ರೇಷ್ಮಾ ಇನ್ನು ತನ್ನವಳೇ. ಹಾಗೆಂದುಕೊಳ್ಳುತ್ತಿರುವಾಗಲೇ ಯಾರೋ ದೀಪ ಹಾಕಿದರು. ರೇಷ್ಮಾ ರಿಮೋಟನ್ನು ಎದೆಗೆ ಒತ್ತಿಕೊಂಡು ತುಟಿ ಕಚ್ಚಿ ನಿಂತಿದ್ದಳು. ಕಟ್ಟಡದ ಮೇಲಿಂದ ಬಿದ್ದು ಕೈ ಮುರಿದಾಗಲೂ ಅವಳು ಅತ್ತಿರಲಿಲ್ಲ. ಈಗ ಕಣ್ಣು ತುಂಬಿತ್ತು.

ಶರ್ಮಿಳಾ ಓಡಿ ಬಂದು ಯಂತ್ರದ ಮೇಲೆ ಅಂಗೈ ಇಟ್ಟಳು, ಸುಟ್ಟುಕೊಂಡವಳಂತೆ ತೆಗೆದಳು. ಹೊದಿಕೆ ನೋಡಿದಳು. ಆಮೇಲೆ ಮಂಗಲಾಳನ್ನು ನೋಡಿದಳು.

"ಕೆಟ್ಟಿಲ್ರಿ ಬಾಯಿ. ಕಾದದ ಅಷ್ಟೆ. ಕಾದ್ರ ತಾನೇ ಬಂದ್ ಆಗ್ತದ. ತಣ್ಣಗಾಗಲಿ."

ಅಷ್ಟೇ ಅಂದಳು. ಯಾರಿಂದ ಎಂದು ಹೇಳಲಿಲ್ಲ. ಮಂಗಲಾಗೆ ಅದೇ ತಡೆಯದಾಯಿತು. ಇವಳು ಒಳ್ಳೆಯವಳೂ ಆಗಿಬಿಟ್ಟರೆ ತನಗೆ ಉಳಿಯುವುದೇನು?

"ಹೇಳ್ರಿ, ಬಾಯಾಗ ಯಾಕ ಇಟ್ಕೋತೀರಿ," ಎಂದು ಎದ್ದು ಬಂದಳು. "ನನ್ನ ಹೊದಿಕೀನೇ ಅದರ ಉಸುರು ಕಟ್ಟಸ್ತು. ರೇಷ್ಮಾಂದೇನೂ ತಪ್ಪಿಲ್ಲ."

"ಹೌದ್ರಿ ಅಕ್ಕಾ, ಅದೇ," ಶರ್ಮಿಳಾ ಹೊದಿಕೆ ಕಳಚಿ ಯಂತ್ರದ ಪಕ್ಕದ ಸೀಳುಗಳನ್ನು ತೋರಿಸಿದಳು. "ಈ ಕಡಿಯಿಂದ ಗಾಳಿ ಒಳಗ ಹೋಗ್ತದ, ಆ ಕಡಿಯಿಂದ ಬಿಸಿ ಗಾಳಿ ಹೊರಗ ಬರ್ತದ. ನಡೀಲತ್ತಾಗ ಮೈಮ್ಯಾಲ ಏನೂ ಹಾಕಬಾರ್ದು. ಗ್ವಾಡಿಗಿ ಒತ್ತಿ ಇಡಬಾರ್ದು, ಹಾಸಿಗಿ ಮ್ಯಾಲೂ ಇಡಬಾರ್ದು. ಆರಿಸಿ ತಣ್ಣಗಾದ ಮ್ಯಾಲ ಹೊದಸ್ರಿ, ಧೂಳಿಗಿ ಛಲೋ."

ತಣ್ಣಗಾದ ಮೇಲೆ ಯಂತ್ರ ಮತ್ತೆ ಹತ್ತಿತು, ನಾಶಿಕಕ್ಕೆ ಹೋಗಲು ಪಾರ್ವತಿಬಾಯಿ ಮತ್ತೆ ಒಪ್ಪಿದರು.

"ಹಂಗಾದ್ರ ನನಗೂ ಕಲಸ್ರಿ," ಎಂದಳು ಮಂಗಲಾ.

ಯಂತ್ರದ ಮೇಲೆ ಪ್ರೀತಿ ಹುಟ್ಟಿ ಕೇಳಿದ್ದಲ್ಲ. ಆ ಎರಡು ತಲೆಗಳ ನಡುವೆ ತನ್ನ ತಲೆ ತೂರಿಸಲು ಬೇರೆ ದಾರಿ ಕಾಣಲಿಲ್ಲ. ಮಾರನೆಯ ದಿನ ಅವಳು ಇಬ್ಬರ ನಡುವೆಯೇ ಕುರ್ಚಿ ಎಳೆದು ಕೂತಳು.

"ಮದಲ ಕಣ್ಣಿನ ಮುಚ್ಚಳ ತೆಗೀರಿ," ಎಂದಳು ಶರ್ಮಿಳಾ. "ಭಾಳ ಮಂದಿ ಅದನ್ನ ತೆಗೀಲಾರ್ದೇ ಚಿತ್ರ ಬರವಲ್ದು ಅಂತಾರ. ಕಣ್ಣಿಗಿ ಬೆರಳು ಹಚ್ಚಬ್ಯಾಡ್ರಿ. ಧೂಳಿದ್ರ ಮೆತ್ತನ್ನ ಒಣ ಬಟ್ಟಿ. ಹತ್ತಿದ ಮ್ಯಾಲ ಅದರೊಳಗ ಬಗ್ಗಿ ನೋಡಬ್ಯಾಡ್ರಿ, ಹುಡುಗ್ರಿಗೂ ಬಿಡಬ್ಯಾಡ್ರಿ. ಕಣ್ಣಿಗಿ ಛಲೋ ಅಲ್ಲ."

"ಚಿತ್ರ ಇಷ್ಟ ಸಣ್ಣದ್ಯಾಕ?"

"ಮೇಜು ಹಿಂದಕ್ಕ ಸರಸ್ರಿ. ದೂರ ಹೋದಂಗ ದೊಡ್ಡದಾಗ್ತದ, ಬೆಳಕು ಕಮ್ಮಿ ಆಗ್ತದ. ಮಸುಕದೇನು? ಈ ಉಂಗುರ ತಿರುಗಸ್ರಿ, ಮೆಲ್ಲಕ. ಅಕ್ಷರ ಚೂಪಾಗೋತನಕ."

"ಮ್ಯಾಲ ಅಗಲ, ಕೆಳಗ ಸಣ್ಣ. ಸೊಟ್ಟ ಕತ್ತರಿಸಿದ ಬಟ್ಟಿ ಕಂಡಂಗ ಕಾಣ್ತದ."

"ಡಬ್ಬಿ ಮುಖ ಎತ್ತಿದ್ರ ಹಂಗಾಗ್ತದ್ರಿ. ಅದರ ಕೆಳಗಿನ ಕಾಲು ತಿರುವಿ ಸಮ ಮಾಡ್ರಿ. ಆಗ್ಲಿಲ್ಲಂದ್ರ ರಿಮೋಟಿನ್ಯಾಗ ನಾಕು ಮೂಲಿ ಸರಿ ಮಾಡೋ ಗುಂಡಿ ಅದ."

ಫೋನನ್ನು ಕೇಬಲ್‌ನಿಂದ ಜೋಡಿಸುವುದು, ಜೋಡಿಸಿದರೂ ಚಿತ್ರ ಬಾರದಿದ್ದರೆ ಫೋನಿನಿಂದಲೋ ಪೆನ್‌ಡ್ರೈವ್‌ನಿಂದಲೋ, ಎಲ್ಲಿಂದ ತೋರಿಸಬೇಕು ಎಂಬುದನ್ನು ರಿಮೋಟಿನಲ್ಲಿ ಆರಿಸುವುದು, ಫೋನ್ ಕೈ ಕೊಟ್ಟರೆ ಇರಲಿ ಎಂದು ಅದೇ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳುವುದು, ಇವೆಲ್ಲ ಒಂದೊಂದಾಗಿ ಕೈಗೆ ಹತ್ತಿದವು. ಮುಗಿದ ಮೇಲೆ ಮಂಗಲಾ ಕರೆಂಟಿನ ವೈರ್ ಕೀಳಲು ಕೈ ಹಾಕಿದಳು. ಈ ಸಲ ತಡೆದವಳು ರೇಷ್ಮಾ.

"ಹಂಗೇ ಕೀಳಬ್ಯಾಡವಾ. ಗುಂಡಿ ಒತ್ತಿ ಆರಸು. ಫ್ಯಾನಿನ ಸಪ್ಪಳ ನಿಂತ ಮ್ಯಾಲ ತೆಗಿ."

ರೇಷ್ಮಾ ಶರ್ಮಿಳಾಳ ದನಿಯಲ್ಲೇ ಮಾತಾಡುತ್ತಿದ್ದಾಳೆ ಎಂದು ಮಂಗಲಾಗೆ ಮತ್ತೆ ಉರಿಯಿತು. ಆದರೂ ಫ್ಯಾನು ನಿಲ್ಲುವ ತನಕ ಕೈ ಕಟ್ಟಿ ಕೂತಳು.

ಹೊರಡುವ ಹಿಂದಿನ ದಿನ ರೇಷ್ಮಾಳ ಮಗಳಿಗೆ ಮೈ ಸುಡುವ ಜ್ವರ ಬಂತು.

"ನೀನೇ ಹೋಗಬೇಕು," ಎಂದಳು ರೇಷ್ಮಾ, ಮಗುವಿನ ಹಣೆಯ ಬಟ್ಟೆ ಬದಲಿಸುತ್ತಾ.

"ನಾ ಆಕಿ ಜೋಡಿ ಹೋಗಂಗಿಲ್ಲ."

"ಇಷ್ಟು ಮಂದಿ ರೊಟ್ಟಿ ಬಡ್ದು ಕೂತಾರ. ನಿನ್ನ ಸಿಟ್ಟಿನ ಸಲುವಾಗಿ ಮಷೀನ್ ಮನಿಯಾಗ ಇಡಬೇಕೇನು? ನಾ ಇಲ್ಲಂದ್ರ ಮತ್ತ್ಯಾರಿಗಿ ಬರ್ತದ ಹೇಳು."

ಬೇರೆ ಯಾರಿಗೂ ಬರುತ್ತಿರಲಿಲ್ಲ. ಮಂಗಲಾ ಹೋದಳು.

ಬಸ್ಸಿನಲ್ಲಿ ಶರ್ಮಿಳಾ ಮೊದಲು ಹತ್ತಿ, ಪಕ್ಕದ ಸೀಟಿಗೆ ಕೈ ಇಟ್ಟು ಕಾದಿದ್ದಳು. ಮಂಗಲಾ ಪ್ರೊಜೆಕ್ಟರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರ ನಡುವೆ ಗೋಡೆ ಕಟ್ಟಿದ ಹಾಗೆ ಕೂತಳು. ಊರು ದಾಟಿದ ಮೇಲೆ ಶರ್ಮಿಳಾ ಅಂದಳು, "ಅಕ್ಕಾ, ರೇಷ್ಮಾ ಬಾಯಿ ತೆಗದ್ರ ನಿಮ್ಮ ಸುದ್ದೀನೇ. ಮಂಗಲಾ ಹಿಂಗಂದ್ಳು, ಮಂಗಲಾ ಹಂಗ ಮಾಡಿದ್ಳು. ಸಾಕಾಗಿ ಹೋಗ್ಯದ ನನಗ ಕೇಳಿ ಕೇಳಿ."

ಬೆಣ್ಣೆ ಹಚ್ಚುತ್ತಿದ್ದಾಳೆ ಎಂದುಕೊಂಡಳು ಮಂಗಲಾ. ಆದರೂ ಚೀಲವನ್ನು ಸ್ವಲ್ಪ ಆಚೆ ಸರಿಸಿದಳು. "ಏನಂದ್ಳು?" ಎಂದು ಕೇಳಿದಳು.

ನಾಶಿಕದ ಆ ಸಭಾಂಗಣದಲ್ಲಿ ಕಿಟಕಿಗಳು ದೊಡ್ಡವು, ಬಿಸಿಲು ಒಳಗೇ ಬಂದು ಕೂತಿತ್ತು. ಮುಂಚೆ ಬಂದ ಸಂಘದವರ ಚಿತ್ರ ಗೋಡೆಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿತ್ತು. ಯಾರಿಗೂ ಏನೂ ಕಾಣಲಿಲ್ಲ. ಇವರ ಸರದಿ ಬಂತು. ಶರ್ಮಿಳಾ ಮೈಕಿನ ಮುಂದೆ ನಿಂತವಳು ಆ ಗೋಡೆ ನೋಡಿ ಮಂಗಲಾಳ ಕಡೆ ತಿರುಗಿದಳು. ಮೊದಲ ಸಲ ಆ ಮುಖದಲ್ಲಿ ಹೆದರಿಕೆ ಇತ್ತು.

ಇವಳೂ ಸೋಲಬಲ್ಲಳು ಎಂದು ಮಂಗಲಾಗೆ ಒಂದು ಕ್ಷಣ ಖುಷಿಯೇ ಆಯಿತು. ಮರುಕ್ಷಣ ಹಿಟ್ಟು ಮೆತ್ತಿದ ಅಷ್ಟೂ ಕೈಗಳು ನೆನಪಾದವು. ಎದ್ದು ಕಿಟಕಿಯ ಪರದೆಗಳನ್ನು ಎಳೆದಳು. ಮುಂದಿನ ದೀಪ ಆರಿಸಲು ಹೇಳಿದಳು. ಮೇಜನ್ನು ಗೋಡೆಯ ಹತ್ತಿರಕ್ಕೆ ಸರಿಸಿದಳು. ಚಿತ್ರ ಸಣ್ಣದಾಯಿತು, ಆದರೆ ಬಣ್ಣ ಗಟ್ಟಿಯಾಯಿತು. ಉಂಗುರ ತಿರುಗಿಸಿದಳು. ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆ ಕೂಡ ಕಂಡಿತು.

"ನಡೀರಿ ಶರ್ಮಿಳಾ, ಮಾತಾಡ್ರಿ," ಎಂದಳು.

ಸಂಜೆ ಬಸ್ ನಿಲ್ದಾಣದಲ್ಲಿ ರೇಷ್ಮಾಳ ಫೋನ್ ಬಂತು. ಮಗಳ ಜ್ವರ ಇಳಿದಿತ್ತು. ಮಳಿಗೆಯಲ್ಲಿ ಜಾಗ ಸಿಕ್ಕಿತೆಂದು ಮಂಗಲಾ ಹೇಳಿದಳು. ಪಕ್ಕದಲ್ಲಿ ಶರ್ಮಿಳಾ, ಕತ್ತಲು ಮಾಡುವ ಗಡಿಬಿಡಿಯಲ್ಲಿ ಮಂಗಲಾ ಯಾರೋ ಸಾಹೇಬರ ಕಾಲು ತುಳಿದದ್ದನ್ನು ನಟಿಸಿ ತೋರಿಸುತ್ತಿದ್ದಳು. ಮಂಗಲಾಗೆ ನಗು ತಡೆಯಲಾಗಲಿಲ್ಲ.

ಆ ಕಡೆಯಿಂದ ರೇಷ್ಮಾ ಅಂದಳು, "ಭಾಳ ನಗಲತ್ತೀರಲ್ಲ ಇಬ್ಬರೂ. ನಾ ಇಲ್ದಿದ್ರೂ ನಡೀತದ ಅನ್ನು."

ಆ ದನಿಯ ಉರಿ ಮಂಗಲಾಗೆ ಚೆನ್ನಾಗಿ ಗೊತ್ತಿತ್ತು. ಅದು ಇಷ್ಟು ದಿನ ತನ್ನ ಮನೆಯಲ್ಲೇ ಇದ್ದದ್ದು. ಅವಳಿಗೆ ಒಳಗೊಳಗೇ ಸಿಹಿಯಾಯಿತು. ಆ ಸಿಹಿಯನ್ನು ಇನ್ನಷ್ಟು ಹೊತ್ತು ಇಟ್ಟುಕೊಳ್ಳಬಹುದಿತ್ತು.

"ಸುಮ್ನಿರವಾ," ಎಂದಳು. "ಮುಂದಿನ ಸಲ ಮೂವರೂ ಹೋಗೋಣು. ಇಬ್ಬರೇ ಅಂದ್ರೂ ಒಕ್ಕೂಟದಾಗ ಕೇಳ್ರಿ ಅಂತ ಪಾರ್ವತಿಬಾಯಿಗಿ ನಾ ಹೇಳ್ತೀನಿ. ಅವರಿಗೂ ಕಲ್ಸೋಣು."

ಕಲಿಸಿದರು. ಈಗ ಪಾರ್ವತಿಬಾಯಿ ಸಭೆಯಲ್ಲಿ ರಿಮೋಟನ್ನು ಬೇರೆಯವರಿಗೆ ಕೊಡುವುದಿಲ್ಲ ಎಂಬುದೇ ಹೊಸ ಜಗಳ.

ಅಕ್ಕಂದಿರೇ, ತಂಗಿಯರೇ, ನಿಮ್ಮ ಸಂಘಕ್ಕೂ ಪ್ರೊಜೆಕ್ಟರ್ ಬಂದಿದ್ದರೆ ಈ ವಾರವೇ ಹೊರಗೆ ತೆಗೆಯಿರಿ. ಗಟ್ಟಿ ಮೇಜಿನ ಮೇಲಿಡಿ, ಅದಕ್ಕೆ ಗಾಳಿ ಬಿಡಿ, ಕೋಣೆ ಕತ್ತಲು ಮಾಡಿ. ಬಿಳಿ ಗೋಡೆ ಇಲ್ಲದಿದ್ದರೆ ಬಿಳಿ ಚಾದರ ಬಿಗಿಯಾಗಿ ಕಟ್ಟಿ. ಚಿತ್ರ ದೊಡ್ಡದಿರಲಿ, ಅಕ್ಷರ ಕಡಿಮೆ ಇರಲಿ. ಹೊರಗೆ ಹೋಗಿ ತೋರಿಸುವುದಿದ್ದರೆ ಹಿಂದಿನ ದಿನವೇ ಒಮ್ಮೆ ಹಚ್ಚಿ ನೋಡಿ. ಒಬ್ಬಳಿಗೇ ಕಲಿಸಿ ಬಿಡಬೇಡಿ, ಅವಳ ಮನೆಯಲ್ಲೂ ಜ್ವರ ಬರುತ್ತದೆ. ಇನ್ನೊಂದು ಮಾತು. ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತವಳೊಬ್ಬಳು ನಿಮ್ಮಲ್ಲೂ ಇರುತ್ತಾಳೆ. ರಿಮೋಟನ್ನು ಮೊದಲು ಅವಳ ಕೈಗೆ ಕೊಡಿ.